ಹೊಲದ ಸೊಪ್ಪು, ಹಬ್ಬದ ಎಡೆ: ಸವಳಂಗ ಸೀಮೆಯ ಚಳಿಗಾಲದ ಆಹಾರ ಚರಿತ್ರೆಯ ಕೆಲವು ನೆಲೆಗಳು

ಕರ್ನಾಟಕದ ಆಹಾರ ಚರಿತ್ರೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಎರಡು ಬಗೆಯ ಆಕರಗಳನ್ನು ಅವಲಂಬಿಸಿವೆ. ಅರಸರ ಹಾಗೂ ವಿದ್ವಾಂಸರ ಪರಿಸರದಲ್ಲಿ ರಚಿತವಾದ ಪಾಕಶಾಸ್ತ್ರ ಗ್ರಂಥಗಳು ಮೊದಲನೆಯವು. ದೇವಾಲಯಗಳ ನೈವೇದ್ಯಕ್ಕೂ ಅನ್ನದಾನಕ್ಕೂ ಭೂಮಿಯನ್ನು ಬಿಟ್ಟುಕೊಟ್ಟ ದಾನಶಾಸನಗಳು ಎರಡನೆಯವು. ಇವೆರಡರಿಂದ ಅಕ್ಕಿ, ಬೇಳೆ, ತುಪ್ಪ, ಬೆಲ್ಲ, ಸಾಂಬಾರ ಪದಾರ್ಥಗಳ ಚರಿತ್ರೆಯನ್ನು ಒಂದು ಮಟ್ಟಿಗೆ ಕಟ್ಟಿಕೊಳ್ಳಬಹುದಾಗಿದೆ. ಆದರೆ ಬಿತ್ತದೆ ಬೆಳೆದು, ಕಂದಾಯಕ್ಕೆ ಸಿಕ್ಕದೆ, ಸಂತೆಗೂ ಹೆಚ್ಚಾಗಿ ಹೋಗದೆ ಮನೆಯ ಮಡಕೆಯನ್ನು ಸೇರುತ್ತಿದ್ದ ಹೊಲದ ಸೊಪ್ಪುಗಳ ಚರಿತ್ರೆಗೆ ಈ ಆಕರಗಳಲ್ಲಿ ಸಿಗುವ ಆಧಾರ ತೀರ ಕಡಿಮೆ. ಶರತ್ಕಾಲದ ಕೊನೆಯಿಂದ ಮಾಗಿಯವರೆಗೆ ಬರುವ ಕೃಷಿ ಸಂಬಂಧಿ ಹಬ್ಬಗಳ ಅಡುಗೆಯೇ ಈ ವಿಷಯದಲ್ಲಿ ಮುಖ್ಯ ಆಕರವಾಗಬಲ್ಲದು ಎಂಬುದನ್ನು ಸವಳಂಗ ಮತ್ತು ಅದರ ಸುತ್ತಣ ಸೀಮೆಯನ್ನು ಕೇಂದ್ರವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸೀಮೆಯ ಸ್ವರೂಪ

ಸವಳಂಗವು ಶಿವಮೊಗ್ಗ–ಶಿಕಾರಿಪುರ ಮಾರ್ಗದಲ್ಲಿರುವ ಊರು. ಊರಿಗೆ ಹೊಂದಿಕೊಂಡ ದೊಡ್ಡ ಕೆರೆ ಈ ಭಾಗದ ಹೆಗ್ಗುರುತು. ಆಡಳಿತದ ದೃಷ್ಟಿಯಿಂದ ಇದು ಬಹುಕಾಲ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಅಸ್ತಿತ್ವಕ್ಕೆ ಬಂದಾಗ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ತಾಲ್ಲೂಕು ಚಿತ್ರದುರ್ಗದಿಂದಲೂ ಬೇರ್ಪಟ್ಟು ಹೊಸ ಜಿಲ್ಲೆಯನ್ನು ಸೇರಿದವು. ಮುಂದೆ ನ್ಯಾಮತಿ ಪ್ರತ್ಯೇಕ ತಾಲ್ಲೂಕಾದಾಗ ಸವಳಂಗ ಅದರ ವ್ಯಾಪ್ತಿಗೆ ಬಂದಿತು. ಗಡಿಗಳು ಹೀಗೆ ಬದಲಾಗಿದ್ದರೂ ಭೂಗುಣದಲ್ಲಿ ಈ ಸೀಮೆಯ ನೆಲೆ ಸ್ಪಷ್ಟವಾಗಿದೆ. ಪಶ್ಚಿಮಕ್ಕೆ ಶಿಕಾರಿಪುರದ ಅರೆಮಲೆನಾಡು, ಪೂರ್ವಕ್ಕೆ ತುಂಗಭದ್ರೆಯ ದಂಡೆಯ ಹೊನ್ನಾಳಿಯ ಬಯಲು, ಅದರಾಚೆಗೆ ಜಗಳೂರಿನ ಒಣಭೂಮಿ. ಕೆರೆಯ ಕೆಳಗಿನ ಗದ್ದೆಯೂ ಮಳೆಯನ್ನೇ ನಂಬಿದ ಬೆದ್ದಲೂ ಕಾಡಂಚೂ ಇಲ್ಲಿ ಒಂದಕ್ಕೊಂದು ಸಮೀಪದಲ್ಲಿವೆ.

ಈ ಸಾಮೀಪ್ಯ ಅಡುಗೆಯ ದೃಷ್ಟಿಯಿಂದ ಮಹತ್ವದ್ದು. ಗದ್ದೆಯ ಬದುವಿನಲ್ಲಿ ಹೊನಗೊನೆಯೂ ಬೆದ್ದಲಿನ ಸಾಲುಗಳ ನಡುವೆ ಅಣ್ಣೆಸೊಪ್ಪು, ಕಿರಕಸಾಲೆ, ಗೋಣಿಸೊಪ್ಪುಗಳೂ ಹಿತ್ತಲಲ್ಲಿ ಹರಿವೆ, ಬಸಳೆ, ನುಗ್ಗೆಗಳೂ ದೊರೆಯುತ್ತವೆ. ಬಯಲಿನ ಕಡೆಗೆ ಸಾಗಿದಂತೆ ಪುಂಡಿ, ಕುಸುಬೆಯ ಎಳೆಸೊಪ್ಪು, ಕಡಲೆಯ ಕುಡಿ, ಹಕ್ಕರಿಕೆಗಳು ಜೊತೆಗೂಡುತ್ತವೆ. ಮಲೆನಾಡಿನ ಬೆರಕೆ ಸೊಪ್ಪಿನ ಪದ್ಧತಿ ಮತ್ತು ಬಯಲುನಾಡಿನ ಹಸಿ ಸೊಪ್ಪು, ರೊಟ್ಟಿಗಳ ಪದ್ಧತಿ ಇವೆರಡನ್ನೂ ಒಟ್ಟಿಗೆ ನೋಡುವುದಕ್ಕೆ ಈ ಸೀಮೆ ತಕ್ಕ ಸ್ಥಳವಾಗಿರುವುದು ಈ ಕಾರಣದಿಂದ.

ಲಿಖಿತ ಆಕರಗಳು: ಹೇಳಿದ್ದು ಮತ್ತು ಬಿಟ್ಟದ್ದು

ಕನ್ನಡದಲ್ಲಿ ಪಾಕಶಾಸ್ತ್ರದ ಬರವಣಿಗೆಗೆ ದೀರ್ಘ ಪರಂಪರೆಯಿದೆ. ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಕಾಲದಲ್ಲಿ, ಸುಮಾರು ಕ್ರಿ.ಶ. 1025ರಲ್ಲಿ, ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದ, ಜಲಶೋಧನೆ ಮೊದಲಾದ ವಿಷಯಗಳೊಡನೆ ಸೂಪಶಾಸ್ತ್ರಕ್ಕೂ ಸ್ಥಾನ ದೊರೆತಿದೆ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಸಿದ್ಧವಾದ ಸಂಸ್ಕೃತದ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣವು ಅರಸನ ಊಟವನ್ನು ವಿಸ್ತಾರವಾಗಿ ವಿವರಿಸುತ್ತದೆ. ಹದಿನಾರನೆಯ ಶತಮಾನದ ಆರಂಭದ ಮೂರನೆಯ ಮಂಗರಸನ 'ಸೂಪಶಾಸ್ತ್ರ'ವು ಅಡುಗೆಯನ್ನೇ ವಸ್ತುವಾಗಿಸಿಕೊಂಡ ಷಟ್ಪದಿ ಕೃತಿ. ಸವಳಂಗಕ್ಕೆ ಭೌಗೋಳಿಕವಾಗಿ ಹತ್ತಿರದ ಕೆಳದಿಯ ಅರಸ ಬಸವಪ್ಪ ನಾಯಕನು 1709ರ ಹೊತ್ತಿಗೆ ರಚಿಸಿದ 'ಶಿವತತ್ತ್ವರತ್ನಾಕರ'ವೆಂಬ ಸಂಸ್ಕೃತ ವಿಶ್ವಕೋಶದಲ್ಲಿಯೂ ಅಡುಗೆಮನೆ, ಪಾತ್ರೆ ಹಾಗೂ ಪಾಕವಿಧಾನಗಳ ವಿವೇಚನೆಯಿದೆ.

ಈ ಕೃತಿಗಳ ಬೆಲೆ ದೊಡ್ಡದು. ಆದರೆ ಅವುಗಳ ಓದುಗರು ಯಾರು, ಅವುಗಳ ಅಡುಗೆಮನೆ ಯಾರದು ಎಂಬ ಪ್ರಶ್ನೆಯನ್ನು ಮರೆಯಲಾಗದು. ಆಯ್ದ ತರಕಾರಿ, ಹದವಾದ ತುಪ್ಪ, ಪರಿಮಳ ದ್ರವ್ಯಗಳಿಂದ ರುಚಿಯನ್ನು ಸಂಸ್ಕರಿಸುವ ಕ್ರಮವನ್ನು ಅವು ಹೇಳುತ್ತವೆ. ಕಳೆ ಕೀಳುವಾಗ ಮಡಿಲಿಗೆ ಬಿದ್ದ ಸೊಪ್ಪನ್ನು ಅಂದೇ ಬೇಯಿಸುವ ಮನೆಯ ಕ್ರಮ ಅವುಗಳ ಕೇಂದ್ರ ವಿಷಯವಲ್ಲ.

ಶಾಸನಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯ ಕರ್ನಾಟಿಕ'ದ ಏಳನೆಯ ಸಂಪುಟದಲ್ಲಿ 1902ರಲ್ಲಿ ಪ್ರಕಟಿಸಿದರು. ಸವಳಂಗಕ್ಕೆ ಸಮೀಪದ ಬೆಳಗುತ್ತಿಯ ಸಿಂದರ ಚರಿತ್ರೆಗೆ ಈ ಸಂಪುಟವೇ ಮುಖ್ಯ ಆಧಾರ. ದಾನಶಾಸನಗಳು ಗದ್ದೆ, ಬೆದ್ದಲು, ತೋಂಟಗಳನ್ನು ಅಳತೆ ಮತ್ತು ಎಲ್ಲೆಗಳೊಡನೆ ಹೇಳುತ್ತವೆ. ದಾನದ ಭೂಮಿಯ ಬದುವಿನಲ್ಲಿ ತಾನಾಗಿ ಬೆಳೆಯುವ ಸೊಪ್ಪಿಗೆ ಅಳತೆ ಹೇಳುವ ಅಗತ್ಯ ಶಾಸನ ಬರೆಸಿದವರಿಗೆ ಇರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನು ಜಾರಿಗೆ ತಂದ ಪ್ರಸಿದ್ಧ 'ಶಿಸ್ತು' ಭೂಮಿಯ ಗುಣ ಮತ್ತು ಉತ್ಪನ್ನವನ್ನು ಆಧರಿಸಿ ಕಂದಾಯ ನಿಗದಿಪಡಿಸಿತು. ಅಲ್ಲಿಯೂ ಲೆಕ್ಕಕ್ಕೆ ಬಂದುದು ಬತ್ತ, ಅಡಿಕೆಯಂತಹ ಬೆಳೆಗಳೇ. 1801ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಣ್ಣು, ಬೆಳೆ, ಗೇಣಿಗಳನ್ನು ಸೂಕ್ಷ್ಮವಾಗಿ ಗಮನಿಸಿದನಾದರೂ ಅವನ ಸಮೀಕ್ಷೆಯ ಗುರಿ ಹೊಸದಾಗಿ ಕೈಗೆ ಬಂದ ನಾಡಿನ ಸಂಪತ್ತನ್ನು ಅರಿಯುವುದಾಗಿತ್ತು. ಅಂದರೆ ಪ್ರಭುತ್ವದ ದಾಖಲೆ ಯಾವುದೇ ಕಾಲದ್ದಾಗಿರಲಿ, ಬೆಲೆ ಕಟ್ಟಬಹುದಾದುದನ್ನು ಮುಖ್ಯವಾಗಿ ಕಂಡಿತು. ಬೆಲೆ ಕಟ್ಟದೆ ತಿನ್ನುತ್ತಿದ್ದುದನ್ನು ಹಬ್ಬದ ಎಡೆ ಉಳಿಸಿಕೊಂಡಿತು.

ಭೂಮಿ ಹುಣ್ಣಿಮೆಯ ಬೆರಕೆ ಸೊಪ್ಪು

ಆಶ್ವೀಜ ಶುದ್ಧ ಹುಣ್ಣಿಮೆಯನ್ನು ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯೆಂದೂ ಬಯಲುಸೀಮೆಯಲ್ಲಿ ಸೀಗೆ ಹುಣ್ಣಿಮೆಯೆಂದೂ ಕರೆಯುವುದು ರೂಢಿ. ಈ ಹೊತ್ತಿಗೆ ಮುಂಗಾರು ಬತ್ತ ತೆನೆ ಒಡೆಯುವ ಹಂತದಲ್ಲಿರುತ್ತದೆ. ಬೆಳೆ ಹೊತ್ತ ಭೂಮಿಯನ್ನು ಬಸುರಿ ಹೆಣ್ಣೆಂದು ಭಾವಿಸಿ ಅವಳ ಬಯಕೆಯನ್ನು ತೀರಿಸುವುದು ಆಚರಣೆಯ ತಿರುಳು. ಬತ್ತದ ಬುಡಕ್ಕೆ ಸೀರೆ, ಕುಪ್ಪಸ, ತಾಳಿ ಮುಡಿಸಿ ಪೂಜಿಸುವ ಪದ್ಧತಿಯೂ ಇದೇ ಭಾವನೆಯಿಂದ ಬಂದಿದೆ.

ಬಯಕೆಯ ಊಟದಲ್ಲಿ ಸೊಪ್ಪಿಗೆ ವಿಶೇಷ ಸ್ಥಾನವಿದೆ. ಹಬ್ಬದ ಹಿಂದಿನ ದಿನ ಗದ್ದೆ, ಕಾಡು, ಹಿತ್ತಲುಗಳಿಂದ ಕೈಗೆ ಸಿಕ್ಕಷ್ಟು ಬಗೆಯ ಕುಡಿಗಳನ್ನು ತಂದು ರಾತ್ರಿಯಿಡೀ ಹೆಂಗಸರು ಅಡುಗೆ ಮಾಡುತ್ತಾರೆ. ನೂರೊಂದು ಬಗೆಯ ಕುಡಿಗಳಿರಬೇಕೆಂಬುದು ಜನರ ಮಾತು. ಇದನ್ನು ಎಣಿಕೆಯ ಸಂಖ್ಯೆಯೆಂದು ತಿಳಿಯುವುದಕ್ಕಿಂತ 'ಯಾವುದನ್ನೂ ಬಿಡಬಾರದು' ಎಂಬ ಆಶಯವೆಂದು ಗ್ರಹಿಸುವುದು ಸೂಕ್ತ. ಸೊಪ್ಪುಗಳನ್ನು ಬೆರೆಸಿ ಬೇಯಿಸಿ, ಅಂಬಲಿಯೊಡನೆ ಕಲಸಿ, ನಸುಕಿನಲ್ಲಿ ಗಂಡಸರು ಗದ್ದೆಯ ಉದ್ದಗಲಕ್ಕೂ ಕೂಗು ಹಾಕುತ್ತಾ ಬೀರುತ್ತಾರೆ. ಇದಕ್ಕೆ ಹಚ್ಚಂಬಲಿಯೆಂದು ಹೆಸರು. 'ಹಚ್ಚನೆಯ ಅಂಬಲಿ' ಎಂದು ಈ ಪದವನ್ನು ಬಿಡಿಸಬಹುದು. ಬಯಲಿನ ಕಡೆ ಇದೇ ಕ್ರಿಯೆಗೆ ಚರಗ ಚೆಲ್ಲುವುದು ಎನ್ನುತ್ತಾರೆ. ಚರಗವನ್ನು ಹವಿಸ್ಸಿಗೆ ಬೇಯಿಸಿದ ಅನ್ನವೆಂಬ ಅರ್ಥದ 'ಚರು' ಪದದೊಡನೆ ಸಂಬಂಧಿಸುವುದುಂಟು. ಸಾಗರ, ಸೊರಬ ಭಾಗದ ದೀವರಲ್ಲಿ ಈ ಅಡುಗೆಯನ್ನು ಹೊರುವ ಭೂಮಣ್ಣಿ ಬುಟ್ಟಿಯೇ ಒಂದು ಕಲಾಕೃತಿ. ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುವ ಚಿತ್ತಾರಗಳು ಹಸೆ ಚಿತ್ತಾರ ಪರಂಪರೆಗೆ ಸೇರಿದವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಉಳಿದ ದಿನಗಳಲ್ಲಿ ರೈತನು ಕಳೆಯೆಂದು ಕಿತ್ತೆಸೆಯುವ ಗಿಡಗಳೇ ಅಂದು ಭೂಮಿಯ ಬಯಕೆಯಾಗಿ ಮರಳಿ ಅದೇ ಭೂಮಿಯನ್ನು ಸೇರುತ್ತವೆ. ಬೆಳೆ, ಕಳೆ ಎಂಬ ವಿಭಜನೆಯನ್ನು ಈ ಒಂದು ದಿನದ ಅಡುಗೆ ಒಪ್ಪುವುದಿಲ್ಲ.

ಎಳ್ಳ ಅಮಾವಾಸ್ಯೆಯ ಭಜ್ಜಿ

ಮಾರ್ಗಶಿರ ಮಾಸದ ಕೊನೆಯ ಎಳ್ಳ ಅಮಾವಾಸ್ಯೆ ಡಿಸೆಂಬರ್–ಜನವರಿಯಲ್ಲಿ, ಚಳಿ ಬಲಿತ ಕಾಲಕ್ಕೆ ಬರುತ್ತದೆ. ಕಲಬುರಗಿ, ಬೀದರ, ವಿಜಯಪುರ, ರಾಯಚೂರು ಮೊದಲಾದ ಎರೆಭೂಮಿಯ ಜಿಲ್ಲೆಗಳಲ್ಲಿ ಇದು ರೈತರ ದೊಡ್ಡ ಹಬ್ಬ. ಆಗ ಹೊಲದಲ್ಲಿರುವುದು ಹಿಂಗಾರು ಬೆಳೆ. ಮಣ್ಣಿನ ತೇವವನ್ನೇ ನಂಬಿ ಬೆಳೆದ ಬಿಳಿಜೋಳ, ಕಡಲೆ, ಕುಸುಬೆ, ಗೋದಿಗಳು ಹಸಿರಾಗಿ ನಿಂತಿರುತ್ತವೆ. ಊರಿನವರೆಲ್ಲ ಬಂಡಿ ಕಟ್ಟಿಕೊಂಡು ಬುತ್ತಿಯೊಡನೆ ಹೊಲಕ್ಕೆ ಹೋಗಿ, ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ, ಅಲ್ಲಿಯೇ ಸಹಭೋಜನ ಮಾಡುತ್ತಾರೆ.

ಬೀದರ–ಕಲಬುರಗಿ ಭಾಗದಲ್ಲಿ ಅಂದಿನ ಊಟದ ಮುಖ್ಯ ಪದಾರ್ಥ ಭಜ್ಜಿ. ಇದು ಎಣ್ಣೆಯಲ್ಲಿ ಕರಿದ ತಿಂಡಿಯಲ್ಲ. ಹಸಿ ಕಡಲೆ, ತೊಗರಿ, ಅವರೆ, ಬಟಾಣಿ ಕಾಳುಗಳು, ಬದನೆ, ಗಜ್ಜರಿ, ಮೆಂತ್ಯ, ಪಾಲಕ, ಹುಳಿಚುಕ್ಕಿ, ಕಡಲೆಯ ಕುಡಿ, ಎಳೆ ಉಳ್ಳಾಗಡ್ಡಿ ಮೊದಲಾದವನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿ ಕಡಲೆಹಿಟ್ಟಿನಿಂದ ಗಟ್ಟಿ ಮಾಡಿದ ಪಲ್ಯ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಜೋಳದ ಕಡುಬು, ಮಜ್ಜಿಗೆ ಬೆರೆಸಿದ ಅಂಬಲಿ, ಶೇಂಗಾ ಹೋಳಿಗೆ ಜೊತೆಗಿರುತ್ತವೆ. ಗಡಿಯಾಚೆಯ ಲಾತೂರು ಸೀಮೆಯಲ್ಲಿ ಮರಾಠಿ ಮಾತನಾಡುವ ರೈತರೂ ಇದೇ ದಿನ ಇದೇ ಬಗೆಯ ಭಜ್ಜಿ, ಅಂಬಲಿಗಳೊಡನೆ ಹೊಲದ ಹಬ್ಬ ಮಾಡುತ್ತಾರೆ. ಅವರಾಡುವ 'ಯೇಳವಸ' ಎಂಬ ಹೆಸರಿನಲ್ಲಿ ಕನ್ನಡದ ಹೆಸರಿನ ಜಾಡು ಕಾಣುತ್ತದೆ.

ಮೇಲ್ನೋಟಕ್ಕೆ ದೂರದ ಎರಡು ಹಬ್ಬಗಳೆಂದು ತೋರಿದರೂ ಭೂಮಿ ಹುಣ್ಣಿಮೆ ಮತ್ತು ಎಳ್ಳ ಅಮಾವಾಸ್ಯೆಗಳ ರಚನೆ ಒಂದೇ. ಎರಡರಲ್ಲಿಯೂ ಬೆಳೆ ತೆನೆಗಟ್ಟುವ ಹಂತದಲ್ಲಿದೆ. ಎರಡರಲ್ಲಿಯೂ ಭೂಮಿ ಬಸುರಿ. ಎರಡರಲ್ಲಿಯೂ ಬೆರಕೆ ಸೊಪ್ಪು ಕಡ್ಡಾಯ, ಮತ್ತು ಮೊದಲ ಪಾಲು ಹೊಲಕ್ಕೆ. ವ್ಯತ್ಯಾಸವಿರುವುದು ತಿಥಿಯಲ್ಲಿ ಮಾತ್ರ. ಮುಂಗಾರು ಬೆಳೆಯ ನಾಡಿನಲ್ಲಿ ಬಯಕೆ ಹುಣ್ಣಿಮೆಗೆ ಬಂದರೆ ಹಿಂಗಾರು ಬೆಳೆಯ ನಾಡಿನಲ್ಲಿ ಅದು ಎರಡು ತಿಂಗಳು ಕಳೆದು ಅಮಾವಾಸ್ಯೆಗೆ ಬರುತ್ತದೆ. ಆದುದರಿಂದ ಈ ಆಚರಣೆಯ ಕಾಲವನ್ನು ಗೊತ್ತುಮಾಡಿದುದು ಬೆಳೆಯ ವಯಸ್ಸು, ಪಂಚಾಂಗ ಅದಕ್ಕೆ ಹೆಸರು ಕೊಟ್ಟಿತು ಎಂದು ಹೇಳಬಹುದಾಗಿದೆ.

ಸಂಕ್ರಾಂತಿಯ ಬುತ್ತಿ

ಜನವರಿ ಮಧ್ಯದ ಸಂಕ್ರಾಂತಿಯ ಹೊತ್ತಿಗೆ ಸುಗ್ಗಿ ಮುಗಿದಿರುತ್ತದೆ ಅಥವಾ ಮುಗಿಯುತ್ತಾ ಬಂದಿರುತ್ತದೆ. ಈ ಸೀಮೆಯವರು ತುಂಗಭದ್ರೆಯ ದಂಡೆಗೆ, ತುಂಗೆ–ಭದ್ರೆಯರು ಕೂಡುವ ಕೂಡಲಿಗೆ ಹೋಗಿ ಮಿಂದು, ಹೊಳೆಯ ದಡದಲ್ಲಿ ಬುತ್ತಿ ಬಿಚ್ಚುವುದು ವಾಡಿಕೆ. ಸಜ್ಜೆ ಮತ್ತು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಾಗೂ ಗುರೆಳ್ಳು ಚಟ್ನಿಪುಡಿ, ಮೊಸರನ್ನಗಳೊಡನೆ ಹಸಿ ಸೊಪ್ಪುಗಳೂ ಇರುತ್ತವೆ. ಎಳೆ ಮೆಂತ್ಯ, ಈರುಳ್ಳಿಯ ಹಸಿರು ಗರಿ, ಮೂಲಂಗಿ ಸೊಪ್ಪು, ಹಕ್ಕರಿಕೆಗಳನ್ನು ಬೇಯಿಸದೆ ರೊಟ್ಟಿಯೊಡನೆ ತಿನ್ನುವುದು ಬಯಲಿನ ಪದ್ಧತಿ. ಹಿಂದಿನ ಹಬ್ಬಗಳಲ್ಲಿ ಸೊಪ್ಪು ಭೂಮಿಗೆ ಸಲ್ಲುವ ಎಡೆಯಾದರೆ ಇಲ್ಲಿ ಅದು ಮನುಷ್ಯರ ಹಬ್ಬದೂಟದ ಭಾಗ. ರೊಟ್ಟಿಯ ಒಣತನಕ್ಕೆ ಎಳೆ ಸೊಪ್ಪಿನ ರಸವೂ ಎಳ್ಳು, ಶೇಂಗಾಗಳ ಜಿಡ್ಡಿಗೆ ಮೆಂತ್ಯದ ಕಹಿಯೂ ಹೊಂದಿಕೊಳ್ಳುತ್ತವೆ.

ಸವಳಂಗಕ್ಕೆ ಸಮೀಪದ ಸೂರಗೊಂಡನಕೊಪ್ಪವು ಬಂಜಾರರ ಆರಾಧ್ಯರಾದ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧ. ಪರಂಪರೆಯಂತೆ ಅವರ ಜನನ 1739ರಲ್ಲಿ. ಪ್ರತಿವರ್ಷ ಫೆಬ್ರವರಿ ಮಧ್ಯದಲ್ಲಿ ಅಲ್ಲಿ ಜಯಂತಿ ನಡೆಯುತ್ತದೆ. ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗುತ್ತಿದ್ದ ಸಮುದಾಯ ರಸ್ತೆ, ರೈಲುಗಳು ಬಂದ ಮೇಲೆ ತಾಂಡಾಗಳಲ್ಲಿ ನೆಲೆ ನಿಂತಿತು. ದಾರಿಯುದ್ದಕ್ಕೂ ಸಿಕ್ಕ ಎಲೆಯನ್ನು ಗುರುತಿಸಿ ತಿನ್ನಬಲ್ಲ ಅರಿವು ಇಂತಹ ಅಲೆಮಾರಿ ಬದುಕಿಗೆ ಅಗತ್ಯವೇ ಆಗಿತ್ತು. ಈ ಸೀಮೆಯ ಸೊಪ್ಪಿನ ಚರಿತ್ರೆಯನ್ನು ಒಕ್ಕಲು ಮಕ್ಕಳ ಹಬ್ಬಗಳಿಗಷ್ಟೇ ಸೀಮಿತಗೊಳಿಸದೆ ತಾಂಡಾಗಳ ಹೆಂಗಸರ ಅರಿವನ್ನೂ ಒಳಗೊಳ್ಳುವುದು ಅವಶ್ಯಕ.

ಪಾಕಕ್ರಮದ ಒಳತರ್ಕ

ಬೆರಕೆ ಸೊಪ್ಪಿನ ಅಡುಗೆಯನ್ನು 'ಎಲ್ಲವನ್ನೂ ಒಟ್ಟಿಗೆ ಬೇಯಿಸುವುದು' ಎಂದು ಸರಳೀಕರಿಸುವಂತಿಲ್ಲ. ಅದರಲ್ಲಿ ಖಚಿತವಾದ ಅನುಕ್ರಮವಿದೆ. ಮೊದಲು ಕಾಳು ಅಥವಾ ಬೇಳೆ ಬೇಯಬೇಕು. ಬಳಿಕ ದಂಟುಳ್ಳ ಸೊಪ್ಪು, ಅನಂತರ ಎಳೆಯ ಎಲೆ, ಕೊನೆಗೆ ಪುಂಡಿ, ಚುಕ್ಕಿಗಳಂತಹ ಹುಳಿ ಸೊಪ್ಪು ಅಥವಾ ಹುಣಿಸೆ. ಹುಳಿ ಮೊದಲೇ ಸೇರಿದರೆ ಕಾಳಿನ ಕೋಶಭಿತ್ತಿ ಸಡಿಲಗೊಳ್ಳದೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆಂಬುದು ಇಂದು ಆಹಾರ ವಿಜ್ಞಾನ ವಿವರಿಸುವ ಸಂಗತಿ. ಅಡುಗೆಯ ಹೆಂಗಸರಿಗೆ ಅದು ಅನುಭವದಿಂದ ತಿಳಿದ ನಿಯಮ. ಸಬ್ಬಸಿಗೆ, ಕೊತ್ತಂಬರಿಗಳಂತಹ ಪರಿಮಳದ ಸೊಪ್ಪುಗಳನ್ನು ಇಳಿಸುವ ಹೊತ್ತಿಗೆ ಹಾಕುವುದಕ್ಕೂ ಕಾರಣವಿದೆ. ಅವುಗಳ ಪರಿಮಳ ತೈಲ ಬಿಸಿಗೆ ಬೇಗ ಆವಿಯಾಗುತ್ತದೆ.

ಕಡಲೆಯ ವಿಷಯದಲ್ಲಿ ಋತು ಮತ್ತು ಅಡುಗೆಗಳ ಸಂಬಂಧ ಇನ್ನೂ ಸ್ಪಷ್ಟ. ಕಡಲೆ ಗಿಡದ ಎಲೆಗಳ ಮೇಲಿನ ಸೂಕ್ಷ್ಮ ರೋಮಗಳು ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳುಳ್ಳ ರಸವನ್ನು ಸ್ರವಿಸುತ್ತವೆ. ಮಾಗಿಯ ರಾತ್ರಿಗಳಲ್ಲಿ ಗಿಡಗಳ ಮೇಲೆ ತೆಳು ಬಟ್ಟೆ ಹಾಸಿ, ನಸುಕಿನಲ್ಲಿ ಮಂಜಿನೊಡನೆ ಹೀರಿಕೊಂಡ ಹುಳಿಯನ್ನು ಹಿಂಡಿ ಅಡುಗೆಗೂ ಅಜೀರ್ಣದ ಮದ್ದಿಗೂ ಬಳಸುವ ಕ್ರಮ ಎರೆಸೀಮೆಗಳಲ್ಲಿ ರೂಢಿಯಲ್ಲಿತ್ತು. ಕಡಲೆಯ ಕುಡಿಯನ್ನು ಎಳೆಯದಿರುವಾಗ ಚಿವುಟುವುದರಿಂದ ಗಿಡ ಕವಲೊಡೆಯುತ್ತದೆ, ಪಲ್ಯಕ್ಕೂ ಸೊಪ್ಪಾಗುತ್ತದೆ. ಬೇಸಾಯದ ಒಂದು ಕೆಲಸವೇ ಅಡುಗೆಯ ಸಾಮಗ್ರಿಯಾಗುವುದಕ್ಕೆ ಇದು ಉತ್ತಮ ನಿದರ್ಶನ.

ಬದಲಾವಣೆಯ ಪದರಗಳು

ಈ ಅಡುಗೆಗಳನ್ನು ಬದಲಾಗದ ಪ್ರಾಚೀನ ಉಳಿಕೆಗಳೆಂದು ಭಾವಿಸುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಇಂದಿನ ಭಜ್ಜಿಯಲ್ಲಾಗಲಿ ಬೆರಕೆ ಸೊಪ್ಪಿನಲ್ಲಾಗಲಿ ಹಸಿಮೆಣಸಿನಕಾಯಿ ಅನಿವಾರ್ಯ. ಆದರೆ ಅದು ಅಮೆರಿಕ ಖಂಡದ ಗಿಡ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದಿತು. ಚಾವುಂಡರಾಯನ ಕಾಲದ ಅಡುಗೆಗೆ ಖಾರವನ್ನು ಕೊಟ್ಟವು ಕಾಳುಮೆಣಸು, ಶುಂಠಿಗಳು. ಶೇಂಗಾ, ಟೊಮೆಟೊ, ಮೆಕ್ಕೆಜೋಳಗಳೂ ಹಾಗೆಯೇ ಹೊರಗಿನಿಂದ ಬಂದವು. ಹೊಸ ಪದಾರ್ಥಗಳನ್ನು ಒಳಗೆ ಬಿಟ್ಟುಕೊಳ್ಳುತ್ತಲೇ ಹಬ್ಬದ ಅಡುಗೆ ತನ್ನ ರಚನೆಯನ್ನು ಉಳಿಸಿಕೊಂಡಿತು. ಸಜ್ಜೆರೊಟ್ಟಿಗೆ ಶೇಂಗಾ ಚಟ್ನಿ ಸೇರಿದಾಗ ಯಾವ ಸೊಪ್ಪೂ ಎಡೆಯಿಂದ ಹೊರಬೀಳಲಿಲ್ಲ.

ಇತ್ತೀಚಿನ ದಶಕಗಳ ಬದಲಾವಣೆಯ ಸ್ವರೂಪ ಬೇರೆ. ಲಕ್ಕವಳ್ಳಿಯ ಭದ್ರಾ ಜಲಾಶಯ 1960ರ ದಶಕದಲ್ಲಿ ಪೂರ್ಣಗೊಂಡ ಮೇಲೆ ನಾಲೆಯ ನೀರು ತಲುಪಿದ ಪ್ರದೇಶಗಳಲ್ಲಿ ವರ್ಷಕ್ಕೆ ಎರಡು ಬತ್ತದ ಬೆಳೆ ಸಾಧ್ಯವಾಯಿತು. ಹಿಂಗಾರು ಜೋಳ, ಕಡಲೆಗಳ ಜಾಗ ಕುಗ್ಗಿತು. ಮಳೆಯಾಶ್ರಿತ ಬೆದ್ದಲುಗಳಲ್ಲಿ ಮೆಕ್ಕೆಜೋಳ ವ್ಯಾಪಕವಾಗಿ ಹರಡಿ ದಾವಣಗೆರೆ ಜಿಲ್ಲೆ ಆ ಬೆಳೆಗೆ ಹೆಸರಾಯಿತು. ಚನ್ನಗಿರಿಯ ಕಡೆ ಅಡಿಕೆ ತೋಟಗಳು ವಿಸ್ತರಿಸಿದವು. ಈ ಬೆಳೆಗಳು ರೈತರಿಗೆ ತಂದ ಆದಾಯವನ್ನು ಅಲ್ಲಗಳೆಯುವಂತಿಲ್ಲ. ಅಕ್ಕಡಿ ಬೆಳೆ, ಬದು, ಹಿತ್ತಲುಗಳನ್ನು ನಂಬಿದ್ದ ಸೊಪ್ಪಿನ ಲೋಕ ಮಾತ್ರ ಇದರಿಂದ ಕಿರಿದಾಯಿತು.

ಇದಕ್ಕೆ ಕಳೆನಾಶಕಗಳ ಬಳಕೆ ಸೇರಿತು. ಮೆಕ್ಕೆಜೋಳದಲ್ಲಿ ಬಳಸುವ ಅಟ್ರಾಜಿನ್ ಮುಖ್ಯವಾಗಿ ಅಗಲ ಎಲೆಯ ಕಳೆಗಳನ್ನು ಮೊಳಕೆಯ ಹಂತದಲ್ಲಿಯೇ ಕೊಲ್ಲುತ್ತದೆ. ಕಿರಕಸಾಲೆ, ಅಣ್ಣೆ, ಗೋಣಿಗಳೆಲ್ಲವೂ ಅಗಲ ಎಲೆಯ ಗಿಡಗಳೇ. ಮೆಣಸಿನಕಾಯಿಯ ಆಗಮನ ಎಡೆಗೆ ಒಂದನ್ನು ಕೂಡಿಸಿತ್ತು. ಕಳೆನಾಶಕವಾದರೋ ಎಡೆಯಿಂದ ಹಲವನ್ನು ಒಟ್ಟಿಗೆ ಕಳೆಯಿತು. ಕೈಯಿಂದ ಕಳೆ ತೆಗೆಯುವ ಕೆಲಸ ಕಡಿಮೆಯಾದುದರಿಂದ ಆ ಕೆಲಸದ ನಡುವೆಯೇ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟುತ್ತಿದ್ದ ಗುರುತಿನ ಜ್ಞಾನವೂ ಸಂದರ್ಭವನ್ನು ಕಳೆದುಕೊಂಡಿತು. ಯಾವ ಎಲೆ ತಿನ್ನತಕ್ಕದ್ದು, ಯಾವುದು ಹಾಗೆಯೇ ಕಾಣುವ ವಿಷದೆಲೆ, ಯಾವ ತಿಂಗಳಿನ ಬಳಿಕ ಯಾವುದು ನಾರಾಗುತ್ತದೆ ಎಂಬುದನ್ನು ಹೊಲದಲ್ಲಿ ಬಗ್ಗಿ ಕಲಿಯಬೇಕು. ಮಾತಿನಿಂದ ಮಾತ್ರ ಕಲಿಸಲಾಗದು.

ಹಬ್ಬಗಳು ನಿಂತಿಲ್ಲ. ಪೂಜೆ, ಬುತ್ತಿ, ಚರಗಗಳು ಮುಂದುವರಿದಿವೆ. ಆದರೆ ಸಂತೆಯಿಂದ ಕೊಂಡ ಪಾಲಕ, ಮೆಂತ್ಯ, ಹರಿವೆಗಳಿಂದ ಎಡೆಯನ್ನು ಪೂರೈಸುವಾಗ 'ನೂರೊಂದು ಕುಡಿ' ಎಂಬ ಮಾತು ಅರ್ಥ ಬದಲಿಸಿಕೊಳ್ಳುತ್ತದೆ. ಹೊಲದ ಸಮೃದ್ಧಿಯ ವರ್ಣನೆಯಾಗಿದ್ದುದು ಬರಿಯ ನೆನಪಿನ ಸಂಖ್ಯೆಯಾಗುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಲಿಖಿತ ಪಾಕಶಾಸ್ತ್ರಗಳೂ ಕಂದಾಯದ ದಾಖಲೆಗಳೂ ಹೊಲದ ಸೊಪ್ಪುಗಳ ಬಗ್ಗೆ ಬಿಟ್ಟ ತೆರವನ್ನು ಹಬ್ಬದ ಅಡುಗೆ ಒಂದು ಮಟ್ಟಿಗೆ ತುಂಬುತ್ತದೆ. ಆದರೆ ಇಂದಿನ ಆಚರಣೆಯನ್ನು ನೇರವಾಗಿ ಹನ್ನೊಂದನೆಯ ಶತಮಾನಕ್ಕೆ ಒಯ್ಯುವುದು ಸರಿಯಲ್ಲ. ಅದರ ರಚನೆ, ಸಾಮಗ್ರಿ, ಅರ್ಥಗಳನ್ನು ಬೇರೆಬೇರೆಯಾಗಿ ಕಾಲಕ್ಕೆ ಹೊಂದಿಸಿ ನೋಡಬೇಕು. ಭೂಮಿ ಹುಣ್ಣಿಮೆ ಮತ್ತು ಎಳ್ಳ ಅಮಾವಾಸ್ಯೆಗಳನ್ನು ಮಲೆನಾಡು, ಬಯಲುನಾಡು ಎಂಬ ಎರಡು ಪ್ರತ್ಯೇಕ ಸಂಸ್ಕೃತಿಗಳ ಕುರುಹುಗಳೆಂದು ಬಗೆಯದೆ ಎರಡು ಬೆಳೆಗಾಲಗಳಿಗೆ ಹೊಂದಿಕೊಂಡ ಒಂದೇ ಕೃಷಿದೃಷ್ಟಿಯೆಂದು ತಿಳಿಯುವುದು ಹೆಚ್ಚು ಯುಕ್ತ. ಸವಳಂಗದಂತಹ ನಡುಸೀಮೆಗಳ ಅಧ್ಯಯನ ಈ ನಿಲುವನ್ನು ಪರೀಕ್ಷಿಸಲು ನೆರವಾಗುತ್ತದೆ.

ಶಾಸನ ಒಡೆದರೂ ಅದರ ಪಡಿಯಚ್ಚು ಉಳಿದಿರಬಹುದು, ಓಲೆಗರಿ ಶಿಥಿಲವಾದರೂ ಪ್ರತಿಯೊಂದು ಎಲ್ಲಾದರೂ ಸಿಗಬಹುದು. ಹೊಲದಿಂದ ಮರೆಯಾದ ಗಿಡಕ್ಕೆ ಮತ್ತು ಅದನ್ನು ಗುರುತಿಸಬಲ್ಲವರ ನೆನಪಿಗೆ ಅಂತಹ ಪ್ರತಿಯಿಲ್ಲ. ಆದ್ದರಿಂದ ಊರೂರಿನ ಹಬ್ಬದ ಎಡೆಯಲ್ಲಿ ಬಳಸುವ ಸೊಪ್ಪುಗಳ ಸ್ಥಳೀಯ ಹೆಸರು, ದೊರೆಯುವ ತಿಂಗಳು, ಬೆಳೆಯುವ ನೆಲ, ಬೇಯಿಸುವ ಕ್ರಮಗಳನ್ನು ಗಿಡದ ಮಾದರಿಯೊಡನೆ ದಾಖಲಿಸುವ ಕಾರ್ಯವನ್ನು ಸಸ್ಯವಿಜ್ಞಾನಿಗಳೂ ಜಾನಪದ ಹಾಗೂ ಚರಿತ್ರೆಯ ಅಧ್ಯಯನಕಾರರೂ ಜೊತೆಯಾಗಿ ಕೈಗೊಳ್ಳಬೇಕಾಗಿದೆ. ಆ ದಾಖಲೆಗೆ ಮೊದಲ ಮಾಹಿತಿದಾರರು ಹೊಲದಲ್ಲಿ ಕಳೆ ಕಿತ್ತು ಅಭ್ಯಾಸವುಳ್ಳ ಹಿರಿಯ ಹೆಂಗಸರು. ಅವರ ತಲೆಮಾರು ಇರುವಾಗಲೇ ಈ ಕೆಲಸ ನಡೆಯಬೇಕು.